ಯೋಧನ ಓಲೆ ಮತ್ತು ಪರೀಕ್ಷಕನ ಕಡತ

ಗಂಡನು ಹೆಂಡತಿಗೆ ಬರೆಯುವ ಕಾಗದವು ಇಬ್ಬರ ನಡುವಣ ಮಾತೆಂಬುದು ಲೋಕದ ಗ್ರಹಿಕೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಿಂದ ಭಾರತೀಯ ಸಿಪಾಯಿಗಳು ಊರಿಗೆ ಕಳುಹಿಸಿದ ಕಾಗದಗಳಿಗೆ ಈ ಮಾತು ಸಲ್ಲದು. 1914ರ ಸೆಪ್ಟೆಂಬರಿನ ಕೊನೆಯಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯತೊಡಗಿದ ಈ ದಳಗಳಲ್ಲಿ ಪಂಜಾಬ್, ಗಢವಾಲ, ವಾಯವ್ಯ ಗಡಿನಾಡುಗಳ ರೈತರ ಮಕ್ಕಳೇ ಹೆಚ್ಚು. ಅಕ್ಷರ ಬಲ್ಲವರು ವಿರಳ. ಆದುದರಿಂದ ಒಬ್ಬನು ಹೇಳಬೇಕು, ಮತ್ತೊಬ್ಬನು ಬರೆಯಬೇಕು. ಊರಿನಲ್ಲಿ ಓದು ಬಾರದ ಮಡದಿಗೆ ಬೇರೊಬ್ಬರು ಓದಿ ಹೇಳಬೇಕು. ಅವಳ ಉತ್ತರವೂ ಪರರ ಲೇಖನಿಯಿಂದಲೇ ಇಳಿಯಬೇಕು.

ಈ ಕೈಗಳ ನಡುವೆ ಸರಕಾರದ ಕೈಯೂ ಇದ್ದಿತು. ರಾಜದ್ರೋಹದ ಬರಹಗಳು ಸೇನೆಯನ್ನು ಮುಟ್ಟಬಾರದೆಂದು ಹೋವೆಲ್ ಎಂಬ ಅಧಿಕಾರಿಯ ಕೈಕೆಳಗೆ ಫ್ರಾನ್ಸಿನಲ್ಲಿ ಅಂಚೆಯ ಪರೀಕ್ಷೆ ಆರಂಭವಾಯಿತು. ಬೊಲೋನ್ ಪಟ್ಟಣವು ಅದರ ಕೇಂದ್ರವಾಯಿತು. ಕಾಗದವನ್ನು ತೆರೆದು ಓದುವರೆಂಬುದನ್ನು ಸಿಪಾಯಿಗಳು ಅರಿಯದೆ ಇರಲಿಲ್ಲ. ಭಾರತೀಯರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಕರೆದು, ಸಾವುನೋವಿನ ಸಮಾಚಾರವನ್ನು ಅಡುಗೆಮನೆಯ ಲೆಕ್ಕದಂತೆ ಬರೆದವರುಂಟು.

ವಿಧಿಯ ವಿನೋದವೆಂದರೆ, ತಡೆಯಲು ಕುಳಿತ ಕಚೇರಿಯೇ ಈ ಮಾತುಗಳನ್ನು ಉಳಿಸಿತು. ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಧಿಕಾರಿಗಳಿಗೆ ಒಪ್ಪಿಸಿದ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಿಂದ ಆರಿಸಿದ ಒಂದು ಸಂಕಲನವನ್ನು ಡೇವಿಡ್ ಒಮಿಸ್ಸಿಯವರು 1999ರಲ್ಲಿ ಪ್ರಕಟಿಸಿದರು. ಮೂಲ ಕಾಗದಗಳಾದರೋ ಬಹುಮಟ್ಟಿಗೆ ಕಾಲಗರ್ಭವನ್ನು ಸೇರಿವೆ.

ಇಲ್ಲಿ ಇತಿಹಾಸಕಾರನು ಎಚ್ಚರ ವಹಿಸಬೇಕು. ಪರೀಕ್ಷಕನು ಹುಡುಕಿದುದು ಸೇನೆಯ ಮನೋಬಲವನ್ನು, ದಾಂಪತ್ಯದ ಒಲವನ್ನಲ್ಲ. ಹೊಲದ ಸಾಲ, ಮನೆಗೆ ಕಳುಹಿಸಿದ ಹಣ, ಮಗುವಿನ ಕ್ಷೇಮ ಇವು ಅವನ ದೃಷ್ಟಿಗೆ ಎಷ್ಟೋ ಸಲ ನಗಣ್ಯವಾಗಿ ಕಂಡಿರಬಹುದು. ಬರೆದುಕೊಟ್ಟವನ ಮುಂದೆ ಸಂಕೋಚ, ಓದಿ ಹೇಳುವವನ ಮುಂದೆ ಲಜ್ಜೆ ಇವೂ ಮಾತನ್ನು ಕಟ್ಟಿಹಾಕಿರಬೇಕು. ಆದ್ದರಿಂದ ಕಡತದ ಮೌನವನ್ನು ಹೃದಯದ ಮೌನವೆಂದು ಓದುವುದು ಅನ್ಯಾಯವಾದೀತು.

ಕನ್ನಡ ನಾಡಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಮೈಸೂರು ಲ್ಯಾನ್ಸರ್ಸ್ ದಳದ ಸವಾರರು ಹೋದುದು ಫ್ರಾನ್ಸಿಗಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಿಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಅವರೂ ಸೇರಿದ್ದರು. ಅವರ ಕಾಗದಗಳು ಹಿಡಿದ ದಾರಿ ಬೊಲೋನಿನದಲ್ಲ. ಮಡಿದವರಿಗಾಗಿ ಬೆಂಗಳೂರಿನಲ್ಲಿ ಸ್ಮಾರಕಶಿಲೆಯೊಂದು ನಿಂತಿದೆ. ಅವರು ಮನೆಗೆ ಆಡಿದ ಮಾತನ್ನು ಶಿಲೆಯು ಹೇಳಲಾರದು. ಅಜ್ಜಿಯಂದಿರ ಪೆಟ್ಟಿಗೆಯ ತಳದಲ್ಲಿ ಮಾಸಿದ ಒಂದು ಕಾರ್ಡು ಉಳಿದಿದ್ದರೂ ಅದನ್ನು ಎಸೆಯುವ ಮೊದಲು ಒಮ್ಮೆ ಓದುವುದು ಮನೆಯವರ ಕರ್ತವ್ಯ. ಯಾವ ಪರೀಕ್ಷಕನೂ ಆರಿಸದ ಸಾಲು ಅಲ್ಲಿರಬಹುದು.