ಕಡಿಮೆ ಸಂಪೀಡನದ ಹಳೆಯ ವಿಮಾನ ಎಂಜಿನ್‌ಗಳ ಇಂಧನ

ಸಂಪೀಡನ ಅನುಪಾತ 7:1ನ್ನು ಮೀರದ ಹಳೆಯ ಪಿಸ್ಟನ್ ಎಂಜಿನ್‌ಗಳಿಗೆ ಹೊಂದುವ ಪೆಟ್ರೋಲಿನ ಆಯ್ಕೆ. ಕರ್ನಾಟಕದಲ್ಲಿ ಇಂಥ ಎಂಜಿನ್‌ಗಳ ಚರಿತ್ರೆಗೆ ಬೆಂಗಳೂರಿನ ಪೂರ್ವಕ್ಕಿರುವ ವಿಮಾನಪುರವೇ ಕೇಂದ್ರ.

ಎಂಜಿನ್‌ಗಳು: ವಾಲ್‌ಚಂದ್ ಹಿರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. ಅದರ ಉತ್ಪಾದನಾ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಇತ್ತು. ಅದೇ ಕಾರ್ಖಾನೆಯ 1958ರ ಪುಷ್ಪಕ್ ವಿಮಾನದ ಕಾಂಟಿನೆಂಟಲ್ ಸಿ-90 ಎಂಜಿನ್ನಿನ ಅನುಪಾತ 7:1. ಅದಕ್ಕೆ ಕನಿಷ್ಠ 80/87 ದರ್ಜೆಯ ಇಂಧನ ಬೇಕು. ಟೈಗರ್ ಮಾತ್ ತರಬೇತಿ ವಿಮಾನದ ಜಿಪ್ಸಿ ಮೇಜರ್‌ನಲ್ಲಿ ಅನುಪಾತ 5.25:1, 70 ಆಕ್ಟೇನ್ ಸಾಕಿತ್ತು.

ಸೀಸ: ಇಲ್ಲಿ ತೊಡಕು ಆಕ್ಟೇನ್‌ನದಲ್ಲ, ಸೀಸದ್ದು. ಕೆಂಪು ಬಣ್ಣದ 80/87ರಲ್ಲಿ ಲೀಟರಿಗೆ ಹೆಚ್ಚೆಂದರೆ 0.14 ಗ್ರಾಂ ಸೀಸವಿರಬಹುದು; ಈಗ ಅದರ ಬದಲಿಗೆ ಸಿಗುವ ನೀಲಿ ಬಣ್ಣದ 100ಎಲ್‌ಎಲ್‌ನ ಮಿತಿ 0.56 ಗ್ರಾಂ, ಅಂದರೆ ನಾಲ್ಕು ಪಟ್ಟು. ಉರಿದಾಗ ಉಂಟಾಗುವ ಸೀಸದ ಆಕ್ಸೈಡನ್ನು ಇಂಧನದಲ್ಲೇ ಬೆರೆತಿರುವ ಎಥಿಲೀನ್ ಡೈಬ್ರೋಮೈಡ್ ಆವಿಯಾಗುವ ಬ್ರೋಮೈಡ್ ಆಗಿ ಪರಿವರ್ತಿಸಿ ಹೊಗೆಯೊಡನೆ ಹೊರಹಾಕಬೇಕು. ಇದಕ್ಕೆ ಸಾಕಷ್ಟು ಬಿಸಿ ಬೇಕು. ನೆಲದ ಮೇಲೆ ನಿಧಾನವಾಗಿ ತಿರುಗುವ, ಪೆಟ್ರೋಲಿನ ಪಾಲು ಹೆಚ್ಚಿರುವ ಮಿಶ್ರಣ ಕುಡಿಯುವ ಹಳೆಯ ಎಂಜಿನ್‌ಗಳಲ್ಲಿ ಆ ಬಿಸಿ ಏರುವುದಿಲ್ಲ. ಹೀಗಾಗಿ ಕಳಚಿದ ಸ್ಪಾರ್ಕ್ ಪ್ಲಗ್ಗಿನ ತಳದಲ್ಲಿ ಬೂದುಬಣ್ಣದ ಸೀಸದ ಗುಳಿಗೆಗಳು ಅಂಟಿರುತ್ತವೆ. ಮ್ಯಾಗ್ನೆಟೊ ಪರೀಕ್ಷೆಯಲ್ಲಿ ಸುತ್ತುಗಳು ಮಿತಿಮೀರಿ ಇಳಿಯುತ್ತವೆ. ಎಕ್ಸಾಸ್ಟ್ ವಾಲ್ವಿನ ಕಾಂಡಕ್ಕೆ ಕಿಟ್ಟ ಹಿಡಿದರೆ ವಾಲ್ವ್ ಸಿಕ್ಕಿಕೊಳ್ಳಬಹುದು. ಮಿಶ್ರಣ ತೆಳುವಾಗಿಸುವುದು, ತೀರ ನಿಧಾನವಾಗಿ ಓಡಿಸದಿರುವುದು, ಎಣ್ಣೆಯನ್ನು ಬೇಗ ಬದಲಿಸುವುದು ರೂಢಿಯ ಪರಿಹಾರಗಳು.

ಎತ್ತರ: ಸಮುದ್ರಮಟ್ಟದಿಂದ ಸುಮಾರು 888 ಮೀಟರ್ ಎತ್ತರದ ವಿಮಾನಪುರದ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಇಲ್ಲಿ ಬಲ ಕಳೆದುಕೊಳ್ಳುತ್ತದೆ, ಆದರೆ ಇಂಧನ ಅಕಾಲದಲ್ಲಿ ಸಿಡಿಯುವ ನಾಕಿಂಗ್‌ನ ಭಯವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಬಂಕಿನ ಪೆಟ್ರೋಲು: ಸೀಸವಿಲ್ಲದಿದ್ದರೂ ಒಪ್ಪತಕ್ಕದ್ದಲ್ಲ. ಬಂಕಿನ 91 ಎಂಬ ಅಂಕಿಯನ್ನು ಅಳೆಯುವ ಕ್ರಮವೇ ಬೇರೆ. ವಿಮಾನದ ಮಾನದಲ್ಲಿ ಅದು ಸುಮಾರು 80ರ ಆಸುಪಾಸು. ಶೇ 20ರಷ್ಟು ಬೆರೆತ ಎಥೆನಾಲ್ ಹಳೆಯ ರಬ್ಬರು, ಕಾರ್ಕುಗಳನ್ನು ಕೆಡಿಸುತ್ತದೆ, ನೀರು ಹೀರುತ್ತದೆ. ಬಿಸಿಲಲ್ಲಿ ಕೊಳವೆಯೊಳಗೇ ಆವಿ ಕಟ್ಟುವ ಅಪಾಯವೂ ಉಂಟು.

ಪೂರೈಕೆ: ಇಂಡಿಯನ್ ಆಯಿಲ್ 2022ರಲ್ಲಿ ವಡೋದರದ ಸಂಸ್ಕರಣಾಗಾರದಿಂದ 100ಎಲ್‌ಎಲ್ ಬಿಡುಗಡೆ ಮಾಡುವವರೆಗೆ ಭಾರತ ಅದಕ್ಕೆ ಆಮದನ್ನೇ ನೆಚ್ಚಿತ್ತು. ಯುರೋಪಿನಲ್ಲಿ ಮಾರಾಟವಾಗುವ ಸೀಸರಹಿತ 91 ದರ್ಜೆಯ ವಿಮಾನ ಪೆಟ್ರೋಲು, ತಯಾರಕರ ಅನುಮತಿ ಇರುವಲ್ಲಿ, ಈ ಎಂಜಿನ್‌ಗಳಿಗೆ ಹೆಚ್ಚು ಹೊಂದುತ್ತದೆ.