ಕಲ್ಲಿನಲ್ಲಿ ಒಂದು, ಮೊಳೆಯಲ್ಲಿ ಎರಡು

ಬೇತಮಂಗಲ ಎಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಕೆರೆ. ಪಾಲಾರ್ ನದಿಯ ಆ ಕೆರೆ ಜಾನ್ ಟೇಲರ್ ಕಂಪನಿ ಚಿನ್ನಕ್ಕಾಗಿ ನೆಲ ಅಗೆಯಲು ಬರುವುದಕ್ಕಿಂತ ಒಂಬತ್ತು ಶತಮಾನಕ್ಕೂ ಹಿರಿಯದು. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. 10ನೇ ಶತಮಾನದಲ್ಲಿ, ನೊಳಂಬ ದೊರೆ ಇರಿವ ನೊಳಂಬನ ಕಾಲದಲ್ಲಿ, ಒಡೆದುಹೋಗಿದ್ದ ಕೆರೆಯ ಏರಿಯನ್ನು ಮತ್ತೆ ಕಟ್ಟಿಸಿದ ಸಂಗತಿಯನ್ನು ಇಲ್ಲಿನ ಶಾಸನ ಹೇಳುತ್ತದೆ. ಚರಿತ್ರೆ ಬರೆಯುವವರು ಅದರಲ್ಲಿ ದೊರೆಯ ಹೆಸರನ್ನು, ಕಾಲವನ್ನು, ಕೆರೆಯ ಕಥೆಯನ್ನು ಹುಡುಕಿದ್ದಾರೆ, ಹುಡುಕಬೇಕಾದದ್ದೇ. ಆದರೆ ಅಂಥ ಕಲ್ಲಿನ ಅಕ್ಷರಗಳ ಆಕಾರದಲ್ಲೇ ಇನ್ನೊಂದು ಚರಿತ್ರೆ ಇದೆ. ಆ ಕಾಲದ ಕೋಲಾರ ಸೀಮೆಯ ಲಿಪಿಯನ್ನು ಇದು ಕನ್ನಡದ್ದು, ಇದು ತೆಲುಗಿನದು ಎಂದು ಬೇರ್ಪಡಿಸಲು ಬರುವುದಿಲ್ಲ. ಭಾಷೆ ಎರಡು, ಬರಹ ಒಂದೇ. ಈ ಬರಹ ಇಂದಿನಂತೆ ಕಂಡ ಕೂಡಲೇ ಬೇರೆಯೆನಿಸುವ ಎರಡು ಲಿಪಿಗಳಾಗಿ ಗಟ್ಟಿಗೊಂಡದ್ದು ಉಳಿಯ ಕೆಳಗಾಗಲಿ ಓಲೆಗರಿಯ ಮೇಲಾಗಲಿ ಅಲ್ಲ, 19ನೇ ಶತಮಾನದ ಅಚ್ಚುಮೊಳೆಯಲ್ಲಿ ಎಂಬುದು ನನ್ನ ವಾದ. ದಿನವೂ ಕಣ್ಣಿಗೆ ಬೀಳುವ ಅಂಗಡಿ ಬೋರ್ಡು, ಲಗ್ನಪತ್ರಿಕೆ, ಬಸ್ಸಿನ ಫಲಕಗಳ ಅಕ್ಷರವಿನ್ಯಾಸವನ್ನು ಅರಿಯಬೇಕಾದರೆ ಆ ಮೊಳೆಯಿಂದಲೇ ಹೊರಡಬೇಕು.

ಅಕ್ಷರದ ರೂಪವನ್ನು ತೀರ್ಮಾನಿಸುವುದರಲ್ಲಿ ಬರೆಯುವವನ ಅಭಿರುಚಿಗಿಂತ ಅವನ ಕೈಯಲ್ಲಿರುವ ಸಾಧನದ ಪಾಲು ದೊಡ್ಡದು. ಕೋಲಾರ ಜಿಲ್ಲೆಯ ವೀರಗಲ್ಲುಗಳನ್ನೇ ನೋಡಿ. ವೀರನ ಶಿಲ್ಪಕ್ಕೆ ಜಾಗ ಕೊಟ್ಟ ಮೇಲೆ ಉಳಿದ ಪಟ್ಟಿಯಲ್ಲಿ ಸಾಲುಗಳು ಕೂರಬೇಕು. ಕಲ್ಲಿನ ಅಂಚು ಬಂದರೆ ಪದದ ನಡುವೆಯೇ ಸಾಲು ಮುರಿಯುತ್ತದೆ. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದವನ್ನು ಬರಹದಲ್ಲಿ ತೋರಿಸುವ ಪದ್ಧತಿಯೂ ಇರಲಿಲ್ಲ. ಓದುವವನು ಭಾಷೆ ಬಲ್ಲವನು, ಅವನೇ ತಿಳಿದುಕೊಳ್ಳುತ್ತಾನೆ ಎಂಬ ಭರವಸೆ. ಓಲೆಗರಿಯ ಮೇಲೆ ಲೋಹದ ಕಂಟದಿಂದ ಕೊರೆಯುವವನು ಎಳೆಗುಂಟ ಸೀಳು ಬೀಳದಂತೆ ಗುಂಡಗೆ ತಿರುಗಿಸಿದ. ಶಾನುಭೋಗ ಕಪ್ಪು ಕಡತದ ಮೇಲೆ ಬಳಪದಿಂದ ಬರೆಯುವಾಗ ವೇಗಕ್ಕೆ ತಕ್ಕಂತೆ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿದ. ಇವರೆಲ್ಲರ ಕೈಯಲ್ಲೂ ಅಕ್ಷರ ಹಿಗ್ಗಬಹುದಿತ್ತು, ಕುಗ್ಗಬಹುದಿತ್ತು, ಪಕ್ಕದ ಊರಿನ ರೂಪದ ಕಡೆಗೆ ವಾಲಬಹುದಿತ್ತು. ಕೈಬರಹ ಇರುವವರೆಗೆ ಎರಡು ರೂಪಗಳ ನಡುವೆ ಹತ್ತಾರು ನಡುರೂಪಗಳಿಗೆ ಎಡೆಯಿರುತ್ತದೆ.

ಸೀಸದ ಮೊಳೆ ಅಂಥ ಎಡೆ ಕೊಡುವುದಿಲ್ಲ. ಅದಕ್ಕೆ ಮೊದಲು ಉಕ್ಕಿನಲ್ಲಿ ಒಂದು ರೂಪ ಕೆತ್ತಬೇಕು, ಆ ಉಕ್ಕಿನಿಂದ ಅಚ್ಚು, ಅಚ್ಚಿನಿಂದ ಸಾವಿರಾರು ಮೊಳೆ. ಕೆತ್ತುವವನು ಆರಿಸಿದ ಒಂದು ರೂಪವೇ ಉಳಿಯುತ್ತದೆ, ಮಿಕ್ಕವು ಪುಟದಿಂದ ಹೊರಗೆ ಬೀಳುತ್ತವೆ. ವಿಲಿಯಂ ಕೇರಿಯ ತೆಲುಗು ವ್ಯಾಕರಣ 1814ರಲ್ಲಿ, ಕನ್ನಡ ವ್ಯಾಕರಣ 1817ರಲ್ಲಿ, ಎರಡೂ ಬಂಗಾಳದ ಶ್ರೀರಾಂಪುರದ ಒಂದೇ ಮಿಷನ್ ಮುದ್ರಣಾಲಯದಿಂದ ಬಂದವು. ಆರಂಭ ಹೀಗೆ ಒಂದೇ ಸೂರಿನ ಕೆಳಗಿತ್ತು. ಮುಂದಿನ ದಶಕಗಳಲ್ಲಿ ದಾರಿ ಕವಲೊಡೆಯಿತು. ತೆಲುಗಿನ ಮುದ್ರಣ ಮದರಾಸನ್ನು ಕೇಂದ್ರ ಮಾಡಿಕೊಂಡು ಬೆಳೆಯಿತು. ಕನ್ನಡದ್ದು ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ ಮತ್ತು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ಗಳಲ್ಲಿ ಬೆಳೆಯಿತು. ಮಂಗಳೂರಿನಲ್ಲಿ ಮೊದಲು ಇದ್ದದ್ದು ಕಲ್ಲಚ್ಚು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಅದರಲ್ಲೇ ಅಚ್ಚಾಯಿತು. ಕಲ್ಲಚ್ಚಿನಲ್ಲಿ ಬರಹಗಾರನ ಕೈಯೇ ಕಾಣುತ್ತದೆ, ಹಾಗಾಗಿ ಅದು ಓಲೆಗರಿಯ ಲೋಕಕ್ಕೆ ಇನ್ನೂ ಹತ್ತಿರ. ಮೊಳೆಜೋಡಣೆ ಬಂದ ಮೇಲೆ ಬೇರೆಯೇ ಲೆಕ್ಕ ಶುರುವಾಯಿತು: ಒಂದು ಕೇಸಿನಲ್ಲಿ ಎಷ್ಟು ಮನೆ, ಒತ್ತಕ್ಷರ ಕೆಳಗೆ ಇಳಿದರೆ ಸಾಲಿಗೂ ಸಾಲಿಗೂ ಎಷ್ಟು ಅಂತರ, ಯಾವ ಚಿಹ್ನೆಯನ್ನು ಅಕ್ಷರಕ್ಕೆ ಅಂಟಿಸಿ ಕೆತ್ತಬೇಕು, ಯಾವುದನ್ನು ಬಿಡಿ ಮೊಳೆಯಾಗಿ ಇಟ್ಟುಕೊಳ್ಳಬೇಕು.

ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ. ‘ಗ’, ‘ರ’, ‘ಲ’, ‘ದ’, ‘ನ’ ಮೊದಲಾದವು ಇವತ್ತಿಗೂ ಎರಡೂ ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ತಲೆ ಮತ್ತು ಬಾಲ. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ನಿಂತು ಕೊನೆಯಲ್ಲಿ ಸುರುಳಿಯಾಗುತ್ತದೆ. ತೆಲುಗಿನದು ಮೇಲಕ್ಕೆ ಚಿಮ್ಮಿದ ಸಣ್ಣ ಗೀಟು. ಕನ್ನಡದಲ್ಲಿ ಕೀ, ಕೇ, ಕೋಗಳ ದೀರ್ಘ ಅಕ್ಷರದ ಬಲಕ್ಕೆ ಬಿಡಿಯಾಗಿ ನಿಲ್ಲುತ್ತದೆ. ತೆಲುಗಿನಲ್ಲಿ ಅದು ತಲೆಯ ಮೇಲಿನ ಸುಳಿಯಲ್ಲೇ ಸೇರಿಹೋಗುತ್ತದೆ. ಬಿಡಿ ದೀರ್ಘ ಮೊಳೆ ಜೋಡಿಸುವವನಿಗೆ ಒಂದು ವರ: ಒಂದೇ ಮೊಳೆ ಎಷ್ಟೋ ಅಕ್ಷರಗಳ ಪಕ್ಕ ಕೂರುತ್ತದೆ. ಆ ಗುರುತನ್ನು ಮುದ್ರಕ ಹುಟ್ಟಿಸಿದ ಎಂದು ನಾನು ಹೇಳುತ್ತಿಲ್ಲ. ಶಾಸನದಲ್ಲಿ ತೋರಿಸದೇ ಬಿಟ್ಟಿದ್ದ ಭೇದ ಪ್ರತಿ ಪುಟದಲ್ಲೂ, ಪ್ರತಿ ಪದದಲ್ಲೂ ತಪ್ಪದೆ ಬರಲೇಬೇಕೆಂಬ ಶಿಸ್ತು ಮುದ್ರಣದ ಕಾಲದ್ದು. ಆ ಶಿಸ್ತಿನ ಜೊತೆಗೇ ಲಿಪಿಯ ಗುರುತೂ ಗಟ್ಟಿಯಾಯಿತು.

ಬೇತಮಂಗಲದ ಕಲ್ಲುಗಳಿಗೇ ಈ ಮಾತು ಅನ್ವಯಿಸುತ್ತದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ, ಕೋಲಾರ ಜಿಲ್ಲೆಯದು, 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾಯಿತು. ಈ ಊರಿನ ಶಾಸನಗಳು ಅದರಲ್ಲಿ ಬೌರಿಂಗ್‌ಪೇಟೆ ತಾಲ್ಲೂಕಿನ ಲೆಕ್ಕಕ್ಕೆ ಸೇರಿವೆ. ಮದರಾಸು–ಬೆಂಗಳೂರು ರೈಲು ಬಂದ ಮೇಲೆ ತಾಲ್ಲೂಕಿನ ಕೇಂದ್ರ ಬೇತಮಂಗಲದಿಂದ ಅಲ್ಲಿಗೆ ಹೋಗಿತ್ತು, ಆ ಊರೇ ಇಂದಿನ ಬಂಗಾರಪೇಟೆ. ರೈಸ್ ಮಾಡಿದ ಕೆಲಸ ಅಸಾಧಾರಣವಾದದ್ದು. ಹಳಗನ್ನಡದ ಱ, ೞಗಳಿಗೂ ಮೊಳೆ ಬಳಸಿ, ರೋಮನ್ ಲಿಪಿಯ ಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಕೊಟ್ಟು, ಸಾವಿರ ವರ್ಷದ ಕಲ್ಲುಗಳನ್ನು ಓದುಗರ ಮೇಜಿನ ಮೇಲಿಟ್ಟರು. ಆದರೆ ಆ ಪುಟದ ಮೇಲೆ ಕಾಣುವುದು ಹತ್ತೊಂಬತ್ತನೆಯ ಶತಮಾನದ ಮೊಳೆಯ ಕನ್ನಡ. ಏರಿಯ ಬಳಿ ಕಲ್ಲಿನ ಮುಂದೆ ನಿಂತರೆ ಕನ್ನಡ ಓದು ಕಲಿತವನಿಗೂ ತೆಲುಗು ಓದು ಕಲಿತವನಿಗೂ ಅಕ್ಷರ ಸಮಾನ ದೂರ, ಸಮಾನ ಪರಿಚಯ. ಪುಸ್ತಕ ತೆರೆದರೆ ಒಬ್ಬನಿಗೆ ಬಾಗಿಲು ತೆರೆದಿದೆ, ಇನ್ನೊಬ್ಬನಿಗೆ ಅರ್ಧ ಮುಚ್ಚಿದೆ. ಇದು ರೈಸ್‌ರ ತಪ್ಪಲ್ಲ, ಶಾಸನದ ಭಾಷೆ ಕನ್ನಡವೇ. ಮೊಳೆ ತನ್ನ ಕೆಲಸ ಮಾಡಿತು, ಅಷ್ಟೇ.

ಇದಕ್ಕೆ ಲಿಪಿಶಾಸ್ತ್ರ ಬಲ್ಲವರ ಆಕ್ಷೇಪಣೆ ಗಟ್ಟಿಯಾದದ್ದು. ಕನ್ನಡ–ತೆಲುಗು ಲಿಪಿಗಳ ಅಗಲಿಕೆ ಮುದ್ರಣಕ್ಕೆ ಎಷ್ಟೋ ಮುಂಚಿನದು, ವಿಜಯನಗರದ ಕಾಲಕ್ಕಾಗಲೇ ತಲೆಕಟ್ಟುಗಳು ಬೇರೆಯಾಗುತ್ತಿದ್ದವು ಎನ್ನುತ್ತಾರೆ. ನಿಜ, ಒಪ್ಪಬೇಕು. ಆದರೆ ಆ ಅಗಲಿಕೆ ಒಲವಿನ ಮಟ್ಟದ್ದು. ಒಂದು ಸೀಮೆಯ ಕೈ ಹೀಗೆ ವಾಲಿತು, ಇನ್ನೊಂದು ಹಾಗೆ. ನಡುವಿನ ಕೋಲಾರದಂಥ ಗಡಿಯಲ್ಲಿ ಎರಡನ್ನೂ ಬೆರೆಸಲು ಅಡ್ಡಿಯಿರಲಿಲ್ಲ. ಒಲವನ್ನು ಗೆರೆಯಾಗಿ ಮಾಡಿದ್ದು ಮೊಳೆ. ಇನ್ನೊಂದು ಆಕ್ಷೇಪಣೆ ರಾಜಕೀಯದ್ದು: ಇತ್ತ ಮೈಸೂರು ಸಂಸ್ಥಾನ, ಅತ್ತ ಮದರಾಸು ಪ್ರಾಂತ, ಬೇರೆ ಮಾಡಿದ್ದು ಗಡಿ, ಮುದ್ರಣ ಬರೀ ನೆಪ. ಗಡಿ ಕಾರಣವಲ್ಲ ಎನ್ನಲಾರೆ. ಆದರೆ 1799ರಿಂದಲೇ ಇದ್ದ ಗಡಿ ಹಳ್ಳಿಯ ಮಗುವಿನ ಕಣ್ಣಿಗೆ ಬಿದ್ದದ್ದು ಶಾಲೆಯ ಅಚ್ಚಿನ ಪುಸ್ತಕದ ಮೂಲಕವೇ.

ಸಣ್ಣ ಪೇಟೆಯ ಅಚ್ಚುಕೂಟದ ಆರ್ಥಿಕತೆಯನ್ನೂ ಇಲ್ಲಿ ನೆನೆಯಬೇಕು. ಟ್ರೆಡಲ್ ಯಂತ್ರ, ಎರಡು ಮೂರು ಅಳತೆಯ ಮೊಳೆ, ಒಬ್ಬಿಬ್ಬರು ಕಂಪೋಸಿಟರ್‌ಗಳು: ಬಿಲ್ಲುಪುಸ್ತಕ, ಕರಪತ್ರ, ಲಗ್ನಪತ್ರಿಕೆ, ನಾಟಕದ ಪೋಸ್ಟರು ಎಲ್ಲ ಇಷ್ಟರಲ್ಲೇ ಆಗಬೇಕು. ಎರಡನೆಯ ಭಾರತೀಯ ಲಿಪಿ ಬೇಕೆಂದರೆ ಮತ್ತೊಂದು ರಾಶಿ ಸೀಸ, ಮತ್ತೊಂದು ಸಾಲು ಕೇಸು, ಅದರ ಮನೆಗಳನ್ನು ಬಾಯಿಪಾಠ ಬಲ್ಲ ಮತ್ತೊಬ್ಬ ಆಳು. ಸಂಖ್ಯಾಬಲವಿದ್ದಲ್ಲಿ ಮಾತ್ರ ಅದು ಗಿಟ್ಟುತ್ತದೆ. ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರ ತಮಿಳಿಗೆ ಆ ಬಲವಿತ್ತು. ಅಯೋಥಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ್ದ ‘ತಮಿಳನ್’ ಪತ್ರಿಕೆ ನಿಂತುಹೋದ ಮೇಲೆ, 1926ರಲ್ಲಿ ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಮರುಹುಟ್ಟು ಪಡೆದದ್ದು ಈ ಗಣಿಯೂರಿನಲ್ಲಿ. ಒತ್ತಕ್ಷರಗಳ ಕಾಟವಿಲ್ಲದ ತಮಿಳಿಗೆ ಕೇಸಿನ ಮನೆಗಳು ಕಡಿಮೆ ಸಾಕು ಎಂಬುದೂ ಅನುಕೂಲವೇ. ಬೇತಮಂಗಲದ ಸುತ್ತಿನ ತೆಲುಗು ಮನೆಮಾತಿನವರಿಗೆ ಅಂಥ ಆಸರೆ ಬೇಕಾಗಲಿಲ್ಲ; ಅವರ ಓದುಬರಹ ಕನ್ನಡದಲ್ಲೇ ನಡೆಯಿತು.

ಈ ಸೀಮೆಯ ಜನ ಹುಡುಕಿಕೊಂಡ ಪರಿಹಾರವೇ ನನ್ನ ವಾದಕ್ಕೆ ಮೂರನೆಯ ಆಕ್ಷೇಪಣೆ. ಕೈವಾರದ ಯೋಗಿ ನಾರೇಯಣರ ತೆಲುಗು ಪದ್ಯಗಳು ಕನ್ನಡ ಲಿಪಿಯಲ್ಲಿ ಅಚ್ಚಾಗಿ ಹಳೆಯ ಕೋಲಾರ ಜಿಲ್ಲೆಯ ಭಜನೆಮನೆಗಳನ್ನು ತಲುಪಿವೆ. ಮೊಳೆ ಗೋಡೆ ಕಟ್ಟಿದ್ದರೆ ಇದು ಹೇಗೆ ಸಾಧ್ಯ? ನನಗೆ ಕಾಣುವುದು ಹೀಗೆ: ಲಿಪಿ ಒಂದೇ ಆಗಿದ್ದ ಕಾಲದಲ್ಲಿ ತೆಲುಗು ಪದ್ಯವನ್ನು ಯಾವ ಲಿಪಿಯಲ್ಲಿ ಬರೆಯಬೇಕು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಚ್ಚಿನ ಕಾಲದಲ್ಲಿ ಅದು ಮುದ್ರಕನೂ ಪ್ರಕಾಶಕನೂ ಆಯ್ದುಕೊಳ್ಳಬೇಕಾದ ವಿಷಯವಾಯಿತು. ಜನ ಜಾಣ್ಮೆಯಿಂದ ಆಯ್ದುಕೊಂಡರು, ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಆಯ್ಕೆ ಬೇಕಾಯಿತು ಎಂಬುದೇ ಬೇರ್ಪಡೆ ಆಗಿತ್ತು ಎಂಬುದಕ್ಕೆ ಸಾಕ್ಷಿ.

ಕಂಪ್ಯೂಟರ್ ಬಂದಾಗ ಒಂದು ಕ್ಷಣ ದಾರಿ ಹಿಂದಕ್ಕೆ ತಿರುಗುವಂತಿತ್ತು. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತಪದ್ಧತಿ ಕನ್ನಡದ ‘ಕ’ಕ್ಕೂ ತೆಲುಗಿನ ‘ಕ’ಕ್ಕೂ ಒಂದೇ ಸಂಖ್ಯೆ ಕೊಟ್ಟಿತ್ತು, ಲಿಪಿ ಬದಲಿಸಿದರೆ ಅದೇ ಪಠ್ಯ ಇನ್ನೊಂದು ಉಡುಪಿನಲ್ಲಿ ಕಾಣುತ್ತಿತ್ತು. ಅದನ್ನು ಹಿಂದಕ್ಕೆ ಸರಿಸಿದ ಯೂನಿಕೋಡ್ ತೆಲುಗಿಗೊಂದು, ಅದರ ಮಗ್ಗುಲಲ್ಲೇ ಕನ್ನಡಕ್ಕೊಂದು ಪ್ರತ್ಯೇಕ ಮನೆಸಾಲು ಕೊಟ್ಟಿತು. ಎರಡೂ ಭಾಷೆಗಳ ದಾಖಲೆಗಳಿಗೆ ಅದು ಒಳ್ಳೆಯದೇ. ಆದರೆ ಸಾಲುಗಳು ಬೇರೆಯಾದ ಮೇಲೂ, ‘ಕ’ದಿಂದ ‘ಹ’ದವರೆಗೆ ಪ್ರತಿ ವ್ಯಂಜನವೂ ಎರಡೂ ಕಡೆ ಸಾಲಿನ ಅದೇ ಸ್ಥಾನದಲ್ಲಿ ಕುಳಿತಿದೆ. ಹಾಗಾಗಿ ಇವತ್ತು ತೆಲುಗು ಪಠ್ಯವನ್ನು ಕನ್ನಡ ಲಿಪಿಗೆ ತಿರುಗಿಸಲು ಪ್ರತಿ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಕೋಲಾರದ ಗಡಿಯಲ್ಲಿ ಓಡುವ ಬಸ್ಸುಗಳ ಫಲಕಕ್ಕೆ, ಎರಡೂ ಕಡೆಯ ನೆಂಟರಿಗೆ ಹೋಗುವ ಲಗ್ನಪತ್ರಿಕೆಗೆ ಇದು ಈಗಲೇ ಬಳಕೆಗೆ ಬರಬಹುದಾದ ಸೌಲಭ್ಯ; ಅದಕ್ಕೆ ಮತ್ತೊಂದು ರಾಶಿ ಸೀಸ ಬೇಕಿಲ್ಲ.