ಉದಗೀರ ಮೊದಲ ಭಾಗ, ಪಾಣಿಪತ್ ಎರಡನೇ ಭಾಗ



ಹೋದ ತಿಂಗಳ ಯುವಜನ ಕೂಟದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮಾತು ಸೂಪರ್‌ಹೀರೋ ಸಿನಿಮಾಗಳ ಕಡೆ ಹೊರಳಿತು. ಉಮರ್ಗಾ ಕಡೆಯ ಒಬ್ಬ ತಮ್ಮ ಕೇಳಿದ: "ಅಣ್ಣಾ, ಮೊದಲನೇ ಭಾಗದಾಗ ಹೀರೋ ಒಬ್ಬನೇ ಎಲ್ಲಾರನ್ನೂ ಹೊಡೀತಾನ. ಎರಡನೇ ಭಾಗಕ್ಕ ಅವನಿಗೆ ಜೋಡೀದಾರ ಯಾಕ ಬೇಕು?" ಆ ಹೊತ್ತಿಗೆ ನಕ್ಕು ಸುಮ್ಮನಾದೆವು. ಮನೆಗೆ ಬಂದ ಮೇಲೆ ಮಾತ್ರ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅದಕ್ಕೆ ಉತ್ತರ ಹಾಲಿವುಡ್‌ನಲ್ಲಿ ಅರ್ಧ ಸಿಗುತ್ತದೆ. ಇನ್ನರ್ಧ ನಮ್ಮ ಉದಗೀರ ಕೋಟೆಯ ಸುತ್ತಮುತ್ತಲೇ ಇದೆ.

ಮೊದಲು ಹಾಲಿವುಡ್‌ನ ಅರ್ಧ. ಬ್ಯಾಟ್‌ಮನ್ ಕಾಮಿಕ್ಸಿನಲ್ಲಿ ಮೊದಲು ಬಂದದ್ದು 1939ರಲ್ಲಿ. ಸುಮಾರು ಒಂದು ವರ್ಷ ಒಬ್ಬನೇ ಓಡಾಡಿದ. ಕಥೆ ಬರೆಯುತ್ತಿದ್ದ ಬಿಲ್ ಫಿಂಗರ್‌ಗೆ ಒಂದು ತೊಂದರೆ ಕಂಡಿತು. ಹೀರೋ ಯಾವಾಗಲೂ ಒಬ್ಬನೇ ಇದ್ದರೆ ಮಾತಾಡುವುದು ಯಾರ ಜೊತೆ? ಷರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದ ಹಾಗೆ ಇವನಿಗೂ ಒಬ್ಬ ಬೇಕು ಎಂದು 1940ರ ಏಪ್ರಿಲ್ ಸಂಚಿಕೆಯಲ್ಲಿ ರಾಬಿನ್‌ನನ್ನು ತಂದರು. ಸಿನಿಮಾದಲ್ಲೂ ಹಾಗೆಯೇ ಆಯಿತು. 1989 ಮತ್ತು 1992ರ ಎರಡು ಚಿತ್ರಗಳಲ್ಲಿ ಒಂಟಿಯಾಗಿದ್ದ ಬ್ಯಾಟ್‌ಮನ್‌ಗೆ 1995ರ 'ಬ್ಯಾಟ್‌ಮನ್ ಫಾರೆವರ್'ನಲ್ಲಿ ರಾಬಿನ್ ಜೊತೆಯಾದ. ಆದರೆ ಹೊಸಬನನ್ನು ಎಲ್ಲರೂ ಒಪ್ಪಿಕೊಳ್ಳುವುದಿಲ್ಲ. 1988ರಲ್ಲಿ ಕಾಮಿಕ್ಸ್ ಕಂಪನಿಯವರು ಎರಡನೇ ರಾಬಿನ್ ಬದುಕಬೇಕೋ ಸಾಯಬೇಕೋ ಎಂದು ಓದುಗರಿಂದ ಫೋನಿನಲ್ಲಿ ಮತ ಹಾಕಿಸಿದರು. ಸಾಯಲಿ ಎಂದವರು 5,343 ಮಂದಿ, ಬದುಕಲಿ ಎಂದವರು 5,271. ಬರೇ 72 ಮತದಲ್ಲಿ ಹುಡುಗನ ಕಥೆ ಮುಗಿಯಿತು.

ಈಗ ನಮ್ಮ ಕಡೆ ಬರೋಣ. ರೈಲಿನಲ್ಲಿ ಬೀದರ್, ಭಾಲ್ಕಿ, ಕಮಲನಗರ ದಾಟಿದರೆ ಉದಗೀರ. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರಿಗೆ ಬಂತು, ಇವೆರಡೂ ಮುಂಬಯಿ ರಾಜ್ಯಕ್ಕೆ ಹೋದವು. ಶಾಲೆಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮಂಥವರಿಗೆ ಉದಗೀರದ ಯುದ್ಧ ಎಂದರೆ ಪಠ್ಯಪುಸ್ತಕದ ಒಂದು ಸಾಲು: 1760ರ ಫೆಬ್ರವರಿ 3, ಮರಾಠರು ನಿಜಾಮನನ್ನು ಸೋಲಿಸಿದರು. ಗೆದ್ದವನು ಪೇಶ್ವೆ ನಾನಾಸಾಹೇಬನ ಚಿಕ್ಕಪ್ಪನ ಮಗ ಸದಾಶಿವರಾವ್ ಭಾವು. ಆಗ ಅವನಿಗೆ ಇನ್ನೂ 30 ತುಂಬಿರಲಿಲ್ಲ. 1739ರಲ್ಲಿ ಪೋರ್ಚುಗೀಸರಿಂದ ವಸಾಯಿ ಕೋಟೆಯನ್ನು ಗೆದ್ದ ಚಿಮಾಜಿ ಅಪ್ಪ ಇವನ ತಂದೆ. ವಸಾಯಿಯ ಚರ್ಚುಗಳ ಗಂಟೆಗಳು ಇಂದಿಗೂ ಮಹಾರಾಷ್ಟ್ರದ ಎಷ್ಟೋ ದೇವಸ್ಥಾನಗಳಲ್ಲಿ ತೂಗುತ್ತಿವೆ. ಅದು ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಮೊದಲ ಭಾಗದ ಹೀರೋ ಈ ಭಾವು. ಅವನ ಬಲಗೈ ಬಂಟ ಎಲ್ಲಿಂದ ಬಂದ ಎಂದು ತಿಳಿಯಲು ನಾಲ್ಕು ವರ್ಷ ಹಿಂದಕ್ಕೆ, ಈಗಿನ ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಬೇಕು. 1756ರಲ್ಲಿ ಪೇಶ್ವೆ ಮತ್ತು ನಿಜಾಮ ಸಲಾಬತ್ ಜಂಗ್ ಒಟ್ಟಾಗಿ ಸವಣೂರು ನವಾಬನ ಮೇಲೆ ಮುತ್ತಿಗೆ ಹಾಕಿದರು. ನಿಜಾಮನ ಕಡೆ ಫ್ರೆಂಚ್ ಸೇನಾಧಿಕಾರಿ ಬುಸಿಯ ತೋಪುಗಳಿದ್ದವು. ಮರಾಠರ ಬಲ ಕುದುರೆಯಲ್ಲಿತ್ತು: ಸರಕ್ಕನೆ ಬಂದು ಹೊಡೆದು ಸರಕ್ಕನೆ ಮಾಯವಾಗುವುದು. ಬುಸಿಯದು ಬೇರೆಯೇ ಯುದ್ಧ. ಕಾಲಾಳುಗಳು ಸಾಲಾಗಿ ನಿಲ್ಲುತ್ತಾರೆ, ಹುಕುಂ ಬಂದಾಗ ಒಟ್ಟಿಗೆ ಗುಂಡು ಹಾರಿಸುತ್ತಾರೆ, ಬಂದೂಕಿನ ತುದಿಗೆ ಸಂಗೀನು ಸಿಕ್ಕಿಸಿ ಮುನ್ನುಗ್ಗುತ್ತಾರೆ. ಹೀಗೆ ತಯಾರಾದ ಸಿಪಾಯಿಗಳಿಗೆ ಗಾರ್ಡಿ ಎಂದು ಹೆಸರು. ಫ್ರೆಂಚರ 'ಗಾರ್ದ್' ಎಂಬ ಮಾತು ನಮ್ಮ ಬಾಯಲ್ಲಿ ಹಾಗಾಯಿತು ಎನ್ನುತ್ತಾರೆ.

1758ರಲ್ಲಿ ಬುಸಿಯನ್ನು ಹೈದರಾಬಾದಿನಿಂದ ವಾಪಸ್ ಕರೆಸಿಕೊಂಡರು. ಅವನ ಪದ್ಧತಿಯಲ್ಲಿ ತರಬೇತಾದ ಇಬ್ರಾಹಿಂ ಖಾನ್ ಗಾರ್ಡಿ ಸಲಾಬತ್ ಜಂಗನ ತಮ್ಮ ನಿಜಾಮ್ ಅಲಿಯ ಚಾಕರಿಯಲ್ಲಿದ್ದ, ಆಮೇಲೆ ಅದೂ ಬಿಟ್ಟುಹೋಯಿತು. ಪುಣೆಯಲ್ಲಿ ಮುಜಫರ್ ಖಾನ್ ಎಂಬ ಇನ್ನೊಬ್ಬ ಗಾರ್ಡಿ ಸರದಾರನಿದ್ದ. 1759ರಲ್ಲಿ ಭಾವುವಿನ ಕೊಲೆಗೆ ಸಂಚು ಮಾಡಿದ ಆರೋಪದ ಮೇಲೆ ಅವನ ತಲೆ ಹೋಯಿತು. ಇಬ್ರಾಹಿಂ ಖಾನ್ ಕೂಡ ಭಾವುವಿನ ಕಡೆ ಬಂದ. ಯೋಚಿಸಿ ನೋಡಿ: ಒಬ್ಬ ಗಾರ್ಡಿಯಿಂದ ಜೀವಕ್ಕೆ ಅಪಾಯ ಕಂಡವನು ಅದೇ ವರ್ಷ ಇನ್ನೊಬ್ಬ ಗಾರ್ಡಿಯನ್ನು ನಂಬಿದ. ಸುತ್ತಲಿದ್ದವರು ಏನೆಂದುಕೊಂಡಿರಬೇಕು!

ಉದಗೀರದ ಯುದ್ಧ ಎಂದು ಹೆಸರಾದರೂ ಕಾಳಗ ನಡೆದದ್ದು ಕೋಟೆಯ ಗೋಡೆಯ ಕೆಳಗಲ್ಲ. ಅಹಮದನಗರದ ಕೋಟೆ ಮರಾಠರ ಕೈಸೇರಿದ್ದೇ ಜಗಳಕ್ಕೆ ಕಾರಣ. ನಿಜಾಮ ಸಹೋದರರು ಉದಗೀರದಿಂದ ಹೊರಟು ಧಾರೂರಿನ ಕೋಟೆ ಸೇರಬೇಕೆಂದಿದ್ದರು. ದಾರಿಯಲ್ಲಿ ಔಸಾ ಕಡೆ ಮರಾಠರು ಸುತ್ತುವರಿದರು. ನಿಲಂಗಾದವರಿಗೆ ಔಸಾ ಎಂದರೆ ಪಕ್ಕದ ತಾಲ್ಲೂಕು, ಮದುವೆಗೆ ಹೋಗಿ ಊಟ ಮಾಡಿ ಸಂಜೆಗೆ ಮನೆಗೆ ಬರುವ ದೂರ. ಅಲ್ಲಿ ಇಬ್ರಾಹಿಂ ಖಾನನ ತೋಪುಗಳು ತನ್ನ ಹಳೆಯ ಧಣಿಯ ಮೇಲೆಯೇ ತಿರುಗಿದವು. ಸೋತ ನಿಜಾಮ ಸುಮಾರು 60 ಲಕ್ಷ ರೂಪಾಯಿ ವರಮಾನದ ಸೀಮೆಯನ್ನು ಬಿಟ್ಟುಕೊಟ್ಟ. ಅದರಲ್ಲಿ ನಮ್ಮ ವಿಜಯಪುರವೂ ಇತ್ತು.

ಮೊದಲ ಭಾಗ ಇಲ್ಲಿಗೆ ಮುಗಿಯಿತು. ಎರಡನೇ ಭಾಗದ ಘೋಷಣೆ ಆದದ್ದೂ ಮರಾಠವಾಡದಲ್ಲೇ. ಅದೇ ಜನವರಿಯಲ್ಲಿ ದೆಹಲಿ ಹತ್ತಿರ ದತ್ತಾಜಿ ಶಿಂಧೆ ಅಹಮದ್ ಶಾ ಅಬ್ದಾಲಿಯ ಪಡೆಯ ಎದುರು ಬಿದ್ದಿದ್ದ. ಈಗಿನ ಜಾಲನಾ ಜಿಲ್ಲೆಯ ಪರ್ತೂರಿನಲ್ಲಿ ಪೇಶ್ವೆಯ ಡೇರೆ ಇತ್ತು. ಉತ್ತರಕ್ಕೆ ಯಾರು ಹೋಗಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು. ಉದಗೀರ ಗೆದ್ದವನೇ ಹೋಗಲಿ! 1760ರ ಮಾರ್ಚಿಯಲ್ಲಿ ಭಾವು ಹೊರಟ, ಪೇಶ್ವೆಯ ಮಗ ವಿಶ್ವಾಸರಾವ್ ಜೊತೆಗಿದ್ದ. ಇಬ್ರಾಹಿಂ ಖಾನನೂ ತೋಪುಗಳ ಸಮೇತ ಹೊರಟ.

2019ರಲ್ಲಿ ಅಶುತೋಷ್ ಗೋವಾರೀಕರ್ ಮಾಡಿದ 'ಪಾನಿಪತ್' ಸಿನಿಮಾವೂ ಉದಗೀರದಿಂದಲೇ ಶುರುವಾಗುತ್ತದೆ. ಅರ್ಜುನ್ ಕಪೂರ್ ಭಾವು, ನವಾಬ್ ಶಾ ಇಬ್ರಾಹಿಂ ಖಾನ್. ನೋಡಿದವರಿಗೆ ಸಂಜಯ್ ದತ್ತನ ಅಬ್ದಾಲಿ ನೆನಪಿರುತ್ತಾನೆ, ಇಬ್ರಾಹಿಂ ಖಾನ್ ನೆನಪಿರುವುದು ಕಡಿಮೆ. ಜೊತೆಗಾರರ ಹಣೆಬರಹವೇ ಅಷ್ಟು.

ಸಿನಿಮಾದಲ್ಲಿ ಪೂರ್ತಿ ಕಾಣದ ವಿಷಯವೇ ನನಗೆ ಮುಖ್ಯ ಅನ್ನಿಸುತ್ತದೆ. ಹೊಸಬ ಬಂದಾಗ ಹಳಬರಿಗೆ ಏನಾಗುತ್ತದೆ? ಮಲ್ಹಾರರಾವ್ ಹೋಳ್ಕರ್ ಹಣ್ಣಾದ ಸರದಾರ, ಉತ್ತರ ಭಾರತವನ್ನು ಕಾಲಡಿ ಕಂಡವನು. ಹೆಂಗಸರು, ಮಕ್ಕಳು, ಯಾತ್ರಿಕರು, ದೊಡ್ಡ ತೋಪುಗಳನ್ನು ಹಿಂದೆ ಬಿಟ್ಟು ಹಳೆಯ ಕುದುರೆ ಯುದ್ಧವನ್ನೇ ಮಾಡೋಣ ಎಂಬುದು ಅವನ ಸಲಹೆ. ಭರತಪುರದ ಸೂರಜಮಲ್ಲನದೂ ಅದೇ ಮಾತು. ಭಾವು ಮಾತ್ರ ಉದಗೀರದಲ್ಲಿ ಕೆಲಸ ಮಾಡಿದ್ದು ಇಲ್ಲೂ ಮಾಡುತ್ತದೆ ಎಂದುಕೊಂಡ. 1760ರ ಅಕ್ಟೋಬರಿನಲ್ಲಿ ಕುಂಜಪುರಾ ಕೋಟೆಯನ್ನು ಗೆದ್ದಾಗ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಇದರ ಮೇಲೆ ಸಂಬಳದ ಜಗಳ. ಗಾರ್ಡಿಗಳಿಗೆ ತಿಂಗಳು ತಿಂಗಳು ರೊಕ್ಕ ಎಣಿಸಿ ಕೊಡಬೇಕಿತ್ತು. ಮಿಕ್ಕ ದಂಡಿಗೆ ಕೂಳೂ ಇಲ್ಲದ ದಿನಗಳಲ್ಲಿ ಇಬ್ರಾಹಿಂ ಖಾನ್ ತನ್ನ ಜನರ ಸಂಬಳಕ್ಕೆ ಪಟ್ಟು ಹಿಡಿಯುತ್ತಿದ್ದ. ಇದು ಕೆಲವರ ಕಣ್ಣಿಗೆ ಚುಚ್ಚಿತು. ಅವನ ಧರ್ಮವೂ ಚುಚ್ಚಿರಬಹುದು. ಎದುರಿಗಿದ್ದ ಅಬ್ದಾಲಿಯೂ ಮುಸಲ್ಮಾನ, ಇವನೂ ಮುಸಲ್ಮಾನ.

ಸಂತ ಲೂಕನ ಎರಡನೇ ಪುಸ್ತಕವನ್ನು ಓದಿದವರಿಗೆ ಇಂಥದ್ದು ಹೊಸದಲ್ಲ. ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯದಲ್ಲಿ ಪೌಲ, ಬಾರ್ನಬರ ನಡುವೆ ಬಿರುಸಿನ ಜಗಳ ಹತ್ತಿದ್ದು ಮಾರ್ಕನನ್ನು ಜೊತೆಗೆ ಕರೆದೊಯ್ಯಬೇಕೋ ಬೇಡವೋ ಎಂಬುದಕ್ಕೇ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಅವರಿಗೆ ಹಾಗೆ ಅಗಲುವ ಅವಕಾಶವಾದರೂ ಇತ್ತು. ಪಾಣಿಪತ್ತಿನಲ್ಲಿ ಇವರೆಲ್ಲ ಒಂದೇ ಕಂದಕದೊಳಗೆ ಎರಡು ತಿಂಗಳಿಗೂ ಮೇಲೆ ಸಿಕ್ಕಿಬಿದ್ದಿದ್ದರು.

1761ರ ಜನವರಿ 14. ಆ ದಿನವನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಕಾಶಿರಾಜ್ ಪಂಡಿತ ಒಬ್ಬ. ಅವನಿದ್ದದ್ದು ಎದುರು ಪಾಳೆಯದಲ್ಲಿ, ಅವಧದ ಶುಜಾ ಉದ್ದೌಲನ ಚಾಕರಿಯಲ್ಲಿ. ಅವನ ಬರಹದ ಪ್ರಕಾರ ಬೆಳಗ್ಗೆ ಇಬ್ರಾಹಿಂ ಖಾನ್ ಭಾವುವಿನ ಬಳಿ ಹೋಗಿ ವಂದಿಸಿ ಹೇಳಿದ ಮಾತಿನ ತಿರುಳು ಇಷ್ಟು: ನನ್ನ ಜನರ ಸಂಬಳಕ್ಕಾಗಿ ಕಾಡಿದೆನೆಂದು ಇಷ್ಟು ದಿನ ನಿಮಗೆ ಸಿಟ್ಟಿತ್ತು, ಆ ರೊಕ್ಕ ದಂಡವಾಗಲಿಲ್ಲ ಎಂಬುದನ್ನು ಇವತ್ತು ನೋಡುವಿರಿ. ಅವನ ಕೈಕೆಳಗೆ ಒಂಬತ್ತು ತುಕಡಿ. ಎರಡನ್ನು ಪಕ್ಕದ ಕಾವಲಿಗೆ ತಿರುಗಿಸಿ, ಏಳನ್ನು ತಾನೇ ಮುಂದೆ ನಿಂತು ರೋಹಿಲ್ಲರ ಮೇಲೆ ಸಂಗೀನು ಹಿಡಿಸಿ ನಡೆಸಿದ. ಎಡಬದಿಯಲ್ಲಿ ರೋಹಿಲ್ಲರ ಸಾಲು ಒಡೆಯಿತು. ಆದರೆ ಈ ಪದ್ಧತಿಯ ಯುದ್ಧಕ್ಕೆ ಎಲ್ಲರೂ ತಮ್ಮ ತಮ್ಮ ಜಾಗ ಬಿಡದೆ ನಿಲ್ಲಬೇಕು. ಮರಾಠಿ ಇತಿಹಾಸಕಾರರು ಬರೆಯುವಂತೆ, ಪಕ್ಕದ ಕುದುರೆ ಪಡೆಯವರು ತಡೆಯಲಾಗದೆ ಮುನ್ನುಗ್ಗಿ ಗಾರ್ಡಿಗಳ ಗುಂಡಿಗೆ ತಾವೇ ಅಡ್ಡ ಬಂದರು. ಮಧ್ಯಾಹ್ನದ ಹೊತ್ತಿಗೆ ಒಂಬತ್ತರಲ್ಲಿ ಆರು ತುಕಡಿ ಹೆಚ್ಚುಕಡಿಮೆ ನಾಶವಾಗಿದ್ದವು. ವಿಶ್ವಾಸರಾವ್‌ಗೆ ಗುಂಡು ತಗುಲಿತು. ಭಾವು ಆನೆಯಿಂದ ಇಳಿದು ಕುದುರೆ ಏರಿ ಗುಂಪಿನೊಳಗೆ ಹೋದವನು ಮತ್ತೆ ಕಾಣಲಿಲ್ಲ. ಹೋಳ್ಕರ್ ರಣರಂಗ ಬಿಟ್ಟು ಹೊರಟುಹೋದ.

ಸೋಲಿಗೆ ತೋಪು ನಂಬಿದ್ದೇ ಕಾರಣ ಎಂದು ಹೇಳುವವರು ಇಂದಿಗೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಲಗೈ ಬಂಟನನ್ನು ತಂದದ್ದು ಭಾವುವಿನ ತಪ್ಪಲ್ಲ, ಹಳಬರ ನಡುವೆ ಅವನಿಗೆ ಜಾಗ ಮಾಡಿಕೊಡದೇ ಹೋದದ್ದು ತಪ್ಪು. ಹೊಟ್ಟೆಗಿಲ್ಲದ ಕುದುರೆಗಳೂ ಆಳುಗಳೂ ಅದಕ್ಕಿಂತ ದೊಡ್ಡ ಕಾರಣ.

ಇಬ್ರಾಹಿಂ ಖಾನ್ ಗಾಯಗೊಂಡು ಸೆರೆಸಿಕ್ಕ. ಶುಜಾ ಅವನನ್ನು ಕೆಲಕಾಲ ತನ್ನ ಡೇರೆಯಲ್ಲಿ ಬಚ್ಚಿಟ್ಟ. ಸುಳಿವು ಸಿಕ್ಕ ಅಬ್ದಾಲಿ ಕಡೆಯವರು ಬಿಡದೆ ಕೇಳಿ ವಶಕ್ಕೆ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಅವನು ಸತ್ತ.

ಅವನ ಪಡೆಯ ಹೆಸರಿಗೆ ಇನ್ನೊಂದು ಕಳಂಕ ಬರುವುದಿತ್ತು. 1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಹದಿಹರೆಯದ ಪೇಶ್ವೆ ನಾರಾಯಣರಾವ್‌ನನ್ನು ಕೊಂದವರೂ ಗಾರ್ಡಿಗಳೇ, ಸುಮೇರ್ ಸಿಂಗ್‌ನ ಕೈಕೆಳಗಿನವರು. ಅಲ್ಲಿಂದ ಮರಾಠಿಯಲ್ಲಿ 'ಗಾರದಿ' ಎಂದರೆ ಜನಕ್ಕೆ ಮೊದಲು ನೆನಪಾಗುವುದು ಆ ಕೊಲೆ, ಪಾಣಿಪತ್ತಿನ ಎಡಬದಿಯಲ್ಲ.

ಭಾವುವಿನ ಕಥೆಗೆ ಮಾತ್ರ ಮೂರನೇ ಭಾಗವೂ ಬಂತು. ಅವನು ಸತ್ತಿದ್ದಾನೆಂದು ನಂಬದ ಜನ ಬಹಳ ಇದ್ದರು. ನಾನೇ ಭಾವು ಎಂದು ಹೇಳಿಕೊಂಡು ಒಬ್ಬ ಬಂದ, ಅವನ ಹಿಂದೆ ದಂಡು ಸೇರಿತು, ಕೋಟೆಗಳು ಬಾಗಿಲು ತೆರೆದವು. ಪುಣೆಯವರು ಅವನನ್ನು ಹಿಡಿದು ವಿಚಾರಣೆ ಮಾಡಿ 1776ರಲ್ಲಿ ಮರಣದಂಡನೆ ಕೊಟ್ಟರು. ಮರಾಠಿಯಲ್ಲಿ ಅವನಿಗೆ 'ತೋತಯಾ' ಎನ್ನುತ್ತಾರೆ, ಅಂದರೆ ನಕಲಿ. ಉದಗೀರ ಕಡೆಯ ಮುದುಕರ ಬಾಯಲ್ಲಿ ಆ ಮಾತು ಕೇಳಿದರೆ, ಉಮರ್ಗಾದ ನಮ್ಮ ತಮ್ಮನಿಗೆ ಈ ಕಥೆ ಹೇಳಿ.